ಗೋಬರ್ ಗ್ಯಾಸಿನ ಪೈಪಿನಲ್ಲಿ ಕಟ್ಟಿಕೊಂಡ ನೀರು

ಆಷಾಢದ ಮಳೆ ಹಿಡಿಯಿತು ಅಂದರೆ ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಗೋಬರ್ ಗ್ಯಾಸಿನ ಒಲೆ ತಕರಾರು ಶುರು ಮಾಡುತ್ತದೆ. ನೀಲಿಯಾಗಿ ಉರಿಯುತ್ತಿದ್ದ ಬೆಂಕಿ ಒಮ್ಮೆ ಏಳುತ್ತದೆ, ಒಮ್ಮೆ ಮಲಗುತ್ತದೆ. ಪುಕ್ ಪುಕ್ ಅಂತ ಸದ್ದು ಬೇರೆ. "ಪೈಪಲ್ಲಿ ನೀರು ಕಟ್ಟಿದೆ, ಬಿಟ್ಟು ಬಾ" ಅನ್ನುತ್ತಾರೆ ಅಮ್ಮ. ಕೊಟ್ಟಿಗೆಯ ಹಿಂದೆ ಪೈಪು ತಗ್ಗಿಗೆ ಇಳಿಯುವ ಜಾಗದಲ್ಲಿ ಒಂದು ಸಣ್ಣ ನಲ್ಲಿ ಇದೆ. ತಿರುಗಿಸಿದರೆ ಅರ್ಧ ಲೋಟದಷ್ಟು ನೀರು ಸುರಿಯುತ್ತದೆ. ನೀರು ಮುಗಿದ ಕೂಡಲೇ ಕೊಳೆತ ಮೊಟ್ಟೆಯ ವಾಸನೆಯ ಗ್ಯಾಸು ಬುಸ್ಸೆಂದು ಬರುತ್ತದೆ. ತಕ್ಷಣ ನಲ್ಲಿ ಕಟ್ಟಬೇಕು. ಒಳಗೆ ಬಂದು ನೋಡಿದರೆ ಒಲೆ ಮತ್ತೆ ನೆಟ್ಟಗೆ ಉರಿಯುತ್ತಿರುತ್ತದೆ.

ಅದೇ ಅಡುಗೆಮನೆಯ ಇನ್ನೊಂದು ಮೂಲೆಯಲ್ಲಿ ಎಲ್‌ಪಿಜಿ ಸಿಲಿಂಡರ್ ಇದೆ. ಅಲ್ಲಾಡಿಸಿದರೆ ಒಳಗೆ ಕುಲುಕ್ ಕುಲುಕ್ ಅನ್ನುತ್ತದೆ. ಕಳೆದ ಮಳೆಗಾಲದಲ್ಲಿ ಅಮ್ಮ ಕೇಳಿದರು: "ಅದೂ ಗ್ಯಾಸು, ಇದೂ ಗ್ಯಾಸು. ಅದನ್ನ ನೀರು ಮಾಡಿ ಸಿಲಿಂಡರಿಗೆ ತುಂಬ್ತಾರೆ. ಇದನ್ನ ಎಂತಕ್ಕೆ ಹಾಗೆ ತುಂಬಕ್ಕಾಗಲ್ಲ ಮಾರಾಯ?"

ಪಿಯುಸಿ ಮಕ್ಕಳಿಗೆ ಎಷ್ಟೋ ವರ್ಷದಿಂದ ಕೆಮಿಸ್ಟ್ರಿ ಪಾಠ ಮಾಡುತ್ತಿದ್ದೇನೆ. ಅಣುಗಳ ನಡುವಿನ ಸೆಳೆತದ ಪಾಠದಲ್ಲಿ ಇಷ್ಟು ಒಳ್ಳೆಯ ಪ್ರಶ್ನೆ ನನಗೆ ಸಿಕ್ಕಿರಲಿಲ್ಲ. ಇಡೀ ಪಾಠವೇ ಆ ಪೈಪಿನೊಳಗಿದೆ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಪ್ರತಿ ವರ್ಷ ಕ್ಲಾಸಿನಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ: "ಸಾರ್, ನೀರು ಕುದ್ದಾಗ ಹೈಡ್ರೋಜನ್, ಆಕ್ಸಿಜನ್ ಬೇರೆ ಬೇರೆ ಆಗುತ್ತಾ?" ಇಲ್ಲ. ಬಚ್ಚಲ ಹಂಡೆಯಿಂದ ಏಳುವ ಹಬೆಯೂ ನೀರೇ. ಅಣು ಒಡೆದಿಲ್ಲ, ಅಣುಗಳು ಒಂದನ್ನೊಂದು ಬಿಟ್ಟು ದೂರ ಹೋಗಿವೆ, ಅಷ್ಟೆ.

ಅಂದರೆ ಇಲ್ಲಿ ಎರಡು ಬೇರೆ ಬೇರೆ ಹಿಡಿತಗಳಿವೆ. ಒಂದು ಅಣುವಿನ ಒಳಗಿನದು. ಆಕ್ಸಿಜನ್ ಪರಮಾಣು ಎರಡು ಹೈಡ್ರೋಜನ್‌ಗಳನ್ನು ಹಿಡಿದಿಟ್ಟುಕೊಂಡಿರುವ ಹಿಡಿತ ಅದು. ತುಂಬಾ ಗಟ್ಟಿ. ಇನ್ನೊಂದು, ಒಂದು ಅಣುವಿಗೂ ಪಕ್ಕದ ಅಣುವಿಗೂ ನಡುವೆ ಇರುವ ಸೆಳೆತ. ಅದು ಸಡಿಲ. ಎಷ್ಟು ಸಡಿಲ ಅಂತ ಲೆಕ್ಕ ನೋಡಿ. ಕುದಿಯುತ್ತಿರುವ ಒಂದು ಕಿಲೋ ನೀರನ್ನು ಪೂರ್ತಿ ಹಬೆ ಮಾಡಲು ಸುಮಾರು 2257 ಕಿಲೋಜೂಲ್ ಶಾಖ ಬೇಕು. ಅದೇ ಒಂದು ಕಿಲೋ ನೀರನ್ನು ಒಡೆದು ಹೈಡ್ರೋಜನ್ ಮತ್ತು ಆಕ್ಸಿಜನ್ ಅನಿಲ ಮಾಡಲು ಹತ್ತಿರ ಹತ್ತಿರ 15,900 ಕಿಲೋಜೂಲ್ ಬೇಕು. ಏಳು ಪಟ್ಟು ಜಾಸ್ತಿ. ಹಂಡೆಯ ಕೆಳಗೆ ಎಷ್ಟು ಕಟ್ಟಿಗೆ ಒಟ್ಟಿದರೂ ಆ ಬೆಂಕಿ ಬಿಡಿಸುವುದು ನಡುವಿನ ಸೆಳೆತವನ್ನು ಮಾತ್ರ.

ಒಂದು ವಸ್ತು ಗಟ್ಟಿಯೋ, ದ್ರವವೋ, ಗ್ಯಾಸೋ ಎನ್ನುವುದನ್ನು ಇಂಥ ವಸ್ತುಗಳಲ್ಲಿ ತೀರ್ಮಾನಿಸುವುದು ಈ ಸಡಿಲ ಸೆಳೆತ. ಶಾಖ ಅಣುಗಳನ್ನು ಕುಣಿಸಿ ದೂರ ಮಾಡಲು ನೋಡುತ್ತದೆ. ಸೆಳೆತ ಹತ್ತಿರ ಎಳೆದುಕೊಳ್ಳಲು ನೋಡುತ್ತದೆ. ಯಾವುದರ ಕೈ ಮೇಲಾಗುತ್ತದೋ ಅದರಂತೆ ವಸ್ತುವಿನ ರೂಪ.

ಈಗ ಗೋಬರ್ ಗ್ಯಾಸಿಗೆ ಬರೋಣ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಇರುವುದು ಮೀಥೇನ್. ಉಳಿದದ್ದರಲ್ಲಿ ಹೆಚ್ಚಿನ ಪಾಲು ಕಾರ್ಬನ್ ಡೈಆಕ್ಸೈಡ್. ಜೊತೆಗೆ ನೀರಿನ ಆವಿ, ಸ್ವಲ್ಪವೇ ಸ್ವಲ್ಪ ಹೈಡ್ರೋಜನ್ ಸಲ್ಫೈಡ್. ಕೊಳೆತ ಮೊಟ್ಟೆಯ ವಾಸನೆ ಈ ಕೊನೆಯದರದು. ಮೀಥೇನಿಗೆ ವಾಸನೆಯೇ ಇಲ್ಲ.

ಮೀಥೇನ್ ಅಣು ಪುಟ್ಟದು. ನಡುವೆ ಒಂದು ಕಾರ್ಬನ್, ಸುತ್ತ ನಾಲ್ಕು ಹೈಡ್ರೋಜನ್. ಎಲ್ಲ ಕಡೆಯೂ ಒಂದೇ ಸಮ. ವಿದ್ಯುತ್ತಿನ ಲೆಕ್ಕದಲ್ಲಿ ಒಂದು ತುದಿ ಪ್ಲಸ್, ಇನ್ನೊಂದು ತುದಿ ಮೈನಸ್ ಅನ್ನುವಂಥದ್ದು ಏನೂ ಇಲ್ಲ. ಹಾಗಿದ್ದ ಮೇಲೆ ಎರಡು ಮೀಥೇನ್ ಅಣುಗಳ ನಡುವೆ ಸೆಳೆತವೇ ಇರಬಾರದು ಅಲ್ವಾ? ಆದರೂ ಇದೆ. ಮೈನಸ್ 161 ಡಿಗ್ರಿಗೆ ತಣಿಸಿದರೆ ಮೀಥೇನ್ ಕೂಡ ದ್ರವವಾಗುತ್ತದೆ. ಏನೋ ಒಂದು ಅದನ್ನು ಹಿಡಿಯುತ್ತಿದೆ.

ಈ "ಏನೋ ಒಂದು" ಇದೆ ಎಂದು ಗಟ್ಟಿಯಾಗಿ ಲೆಕ್ಕಕ್ಕೆ ತಂದವರು ಹಾಲೆಂಡಿನ ಯೋಹಾನೆಸ್ ವಾನ್ ಡರ್ ವಾಲ್ಸ್. ಬಡಗಿಯ ಮಗ. ಶಾಲಾ ಮಾಸ್ತರರಾಗಿದ್ದವರು. ಲ್ಯಾಟಿನ್, ಗ್ರೀಕ್ ಕಲಿತಿಲ್ಲ ಎಂಬ ಕಾರಣಕ್ಕೆ ವಿಶ್ವವಿದ್ಯಾಲಯದ ಪರೀಕ್ಷೆಗೆ ಕೂರಲು ಬಹಳ ಕಾಲ ಅವಕಾಶ ಇರಲಿಲ್ಲ. ನಿಯಮ ಸಡಿಲವಾದ ಮೇಲೆ, 1873ರಲ್ಲಿ, ಲೈಡನ್‌ನಲ್ಲಿ ಪ್ರಬಂಧ ಮಂಡಿಸಿದರು. ಗ್ಯಾಸಿನ ಅಣುಗಳಿಗೂ ಒಂದಿಷ್ಟು ಗಾತ್ರ ಇದೆ, ಅವು ಒಂದನ್ನೊಂದು ಸ್ವಲ್ಪ ಸೆಳೆಯುತ್ತವೆ. ಈ ಎರಡನ್ನು ಸೇರಿಸಿಕೊಂಡರೆ ಗ್ಯಾಸು ಹೇಗೆ ದ್ರವವಾಗುತ್ತದೆ ಎಂಬುದು ಲೆಕ್ಕಕ್ಕೆ ಸಿಗುತ್ತದೆ ಎಂದು ತೋರಿಸಿದರು. 1910ರಲ್ಲಿ ನೊಬೆಲ್ ಬಂತು. ಅವರ ಕಥೆಯನ್ನು ನಾನು ಕ್ಲಾಸಿನಲ್ಲಿ ಬಿಡದೆ ಹೇಳುತ್ತೇನೆ. ಮಕ್ಕಳಿಗೆ ಸಮೀಕರಣ ಮರೆತರೂ ಆ ಮಾಸ್ತರರ ನೆನಪು ಉಳಿಯಲಿ ಅಂತ ನನ್ನಾಸೆ.

ಸೆಳೆತ ಇದೆ ಎಂದು ಗೊತ್ತಾಯಿತು. ಯಾಕಿದೆ ಎಂಬುದು ಗೊತ್ತಾಗಲು ಇನ್ನೂ ಐವತ್ತು ವರ್ಷಕ್ಕಿಂತ ಜಾಸ್ತಿ ಹಿಡಿಯಿತು. 1930ರಲ್ಲಿ ಜರ್ಮನಿಯ ಫ್ರಿಟ್ಸ್ ಲಂಡನ್ ಅದನ್ನು ಕ್ವಾಂಟಂ ಸಿದ್ಧಾಂತದಿಂದ ವಿವರಿಸಿದರು. ಪಠ್ಯದಲ್ಲಿ ಬರುವ ಲಂಡನ್ ಬಲಕ್ಕೂ ಲಂಡನ್ ಪಟ್ಟಣಕ್ಕೂ ಸಂಬಂಧ ಇಲ್ಲ, ಅದು ಇವರ ಹೆಸರು.

ಅವರು ಹೇಳಿದ್ದನ್ನು ಜೇನುಪೆಟ್ಟಿಗೆ ಇಟ್ಟುಕೊಂಡು ಯೋಚಿಸಿ. ನಮ್ಮ ತೋಟದಲ್ಲಿ ಎರಡು ತುಡುವೆ ಪೆಟ್ಟಿಗೆಗಳಿವೆ. ಬಿಸಿಲು ಬಂದ ಹೊತ್ತು ಪೆಟ್ಟಿಗೆಯ ಸುತ್ತ ಹುಳಗಳು ಹಾರುತ್ತಿರುತ್ತವೆ. ಇಡೀ ದಿನದ ಸರಾಸರಿ ತೆಗೆದರೆ ಎಡಕ್ಕೂ ಬಲಕ್ಕೂ ಒಂದೇ ಸಮ ಅನ್ನಬಹುದು. ಆದರೆ ಯಾವುದೇ ಒಂದು ಕ್ಷಣ ಕಣ್ಣು ಮುಚ್ಚಿ ತೆರೆದು ನೋಡಿ, ಒಂದು ಕಡೆ ಹುಳ ಸ್ವಲ್ಪ ಜಾಸ್ತಿ ಇರುತ್ತವೆ. ಅಣುವಿನ ಎಲೆಕ್ಟ್ರಾನುಗಳೂ ಹಾಗೆ. ಸರಾಸರಿಯಲ್ಲಿ ಸಮ, ಕ್ಷಣದಲ್ಲಿ ಓರೆ. ಎಲೆಕ್ಟ್ರಾನ್ ಜಾಸ್ತಿ ಇರುವ ಕಡೆ ಆ ಕ್ಷಣಕ್ಕೆ ಮೈನಸ್, ಕಡಿಮೆಯಾದ ಕಡೆ ಪ್ಲಸ್. ಈ ಓರೆ ಪಕ್ಕದ ಅಣುವಿನ ಎಲೆಕ್ಟ್ರಾನುಗಳನ್ನೂ ಒಂದು ಕಡೆಗೆ ಸರಿಸುತ್ತದೆ. ಒಂದರ ಪ್ಲಸ್ ತುದಿಗೆ ಇನ್ನೊಂದರ ಮೈನಸ್ ತುದಿ ಎದುರಾಗುತ್ತದೆ. ಎರಡೂ ಸೆಳೆಯುತ್ತವೆ. ಮರುಕ್ಷಣ ಓರೆ ಬೇರೆ ಕಡೆಗೆ ತಿರುಗುತ್ತದೆ, ಪಕ್ಕದ್ದೂ ಜೊತೆಯಲ್ಲೇ ತಿರುಗುತ್ತದೆ. ಜೇನಿನ ಹೋಲಿಕೆ ನಿಲ್ಲುವುದು ಇಲ್ಲಿ. ಒಂದು ಪೆಟ್ಟಿಗೆಯ ಹುಳ ನೋಡಿ ಇನ್ನೊಂದು ಪೆಟ್ಟಿಗೆಯ ಹುಳ ಸರಿಯುವುದಿಲ್ಲ. ಎಲೆಕ್ಟ್ರಾನುಗಳು ಸರಿಯುತ್ತವೆ.

ಈ ಸೆಳೆತ ತೀರಾ ಹತ್ತಿರ ಇದ್ದರೆ ಮಾತ್ರ. ದೂರ ಎರಡು ಪಟ್ಟಾದರೆ ಅದರ ಶಕ್ತಿ 64ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಹಾಗಾಗಿ ಅಣುಗಳು ಎಷ್ಟು ಹತ್ತಿರ ಬರಬಲ್ಲವು, ಎಷ್ಟು ಉದ್ದಕ್ಕೆ ಒಂದನ್ನೊಂದು ತಾಗಿ ಮಲಗಬಲ್ಲವು ಎಂಬುದು ಬಹಳ ಮುಖ್ಯ.

ಸಿಲಿಂಡರಿನ ಗುಟ್ಟು ಇದೇ. ಎಲ್‌ಪಿಜಿಯಲ್ಲಿ ಇರುವುದು ಪ್ರೋಪೇನ್ ಮತ್ತು ಬ್ಯೂಟೇನ್. ಇವೂ ಬರೀ ಕಾರ್ಬನ್, ಹೈಡ್ರೋಜನ್. ಪ್ರೋಪೇನಿನಲ್ಲಿ ಮೂರು ಕಾರ್ಬನ್, ಬ್ಯೂಟೇನಿನಲ್ಲಿ ನಾಲ್ಕು. ಅಣು ಉದ್ದವಾದಂತೆ ಎಲೆಕ್ಟ್ರಾನ್ ಜಾಸ್ತಿ, ತಾಗುವ ಜಾಗ ಜಾಸ್ತಿ, ಸೆಳೆತವೂ ಜಾಸ್ತಿ. ಮೀಥೇನ್ ಕುದಿಯುವುದು ಮೈನಸ್ 161ರಲ್ಲಿ. ಪ್ರೋಪೇನ್ ಮೈನಸ್ 42ರಲ್ಲಿ. ಬ್ಯೂಟೇನ್ ಹತ್ತಿರ ಹತ್ತಿರ ಸೊನ್ನೆಯಲ್ಲಿ. ಆರು ಕಾರ್ಬನ್ನಿನ ಹೆಕ್ಸೇನ್ 69ರಲ್ಲಿ, ಅದು ಪೆಟ್ರೋಲಿನಲ್ಲಿ ಇರುವಂಥದ್ದು. ಇಪ್ಪತ್ತು ಕಾರ್ಬನ್ ದಾಟಿದ ಸರಪಳಿಗಳು ಸೇರಿದರೆ ಮೇಣದ ಬತ್ತಿ, ಕೈಯಲ್ಲಿ ಹಿಡಿಯುವಷ್ಟು ಗಟ್ಟಿ. ಗ್ಯಾಸು, ಪೆಟ್ರೋಲು, ಮೇಣ ಎಲ್ಲದರಲ್ಲೂ ಇರುವುದು ಅದೇ ಸೆಳೆತ. ಉದ್ದ ಮಾತ್ರ ಬೇರೆ.

ಪ್ರೋಪೇನ್, ಬ್ಯೂಟೇನ್‌ಗಳನ್ನು ನಮ್ಮ ಊರಿನ ಬಿಸಿಲಲ್ಲೂ ಒತ್ತಡ ಹಾಕಿ ದ್ರವ ಮಾಡಬಹುದು. ಒತ್ತಿದರೆ ಅಣುಗಳು ಹತ್ತಿರ ಬರುತ್ತವೆ, ಉಳಿದ ಕೆಲಸ ಸೆಳೆತ ಮಾಡುತ್ತದೆ. ಮೀಥೇನಿಗೆ ಅದು ಸಾಗುವುದಿಲ್ಲ. ಸುಮಾರು ಮೈನಸ್ 82 ಡಿಗ್ರಿಗಿಂತ ಮೇಲೆ ಮೀಥೇನನ್ನು ಎಷ್ಟೇ ಒತ್ತಿದರೂ ದ್ರವವಾಗುವುದಿಲ್ಲ. ಅಣುಗಳ ಕುಣಿತದ ಮುಂದೆ ಆ ಪುಟ್ಟ ಸೆಳೆತ ಸಾಲದು. ವಾಹನಗಳ ಸಿಎನ್‌ಜಿ ಕೂಡ ಮೀಥೇನೇ. ಅದನ್ನು ಗಾಳಿಯ ಒತ್ತಡದ 200 ಪಟ್ಟಿನಷ್ಟು ಒತ್ತಿ ದಪ್ಪ ಗೋಡೆಯ ಸಿಲಿಂಡರಿಗೆ ತುಂಬುತ್ತಾರೆ. ಆದರೂ ಒಳಗೆ ಅದು ಗ್ಯಾಸೇ. ಅಲ್ಲಾಡಿಸಿದರೆ ಕುಲುಕುವುದಿಲ್ಲ. ಅಮ್ಮನ ಪ್ರಶ್ನೆಗೆ ಉತ್ತರ ಇದು.

ಎಲ್‌ಪಿಜಿ ದ್ರವವಾಗಿರುವುದನ್ನು ಕಣ್ಣಾರೆ ನೋಡಬೇಕಿದ್ದರೆ ಊರಿನ ಯಾವುದಾದರೂ ಗೃಹಪ್ರವೇಶದ ಚಪ್ಪರದ ಹಿಂದೆ ಹೋಗಿ. ದೊಡ್ಡ ಒಲೆಯಲ್ಲಿ ಸಾರು ಕುದಿಯುತ್ತಿರುತ್ತದೆ. ಸಿಲಿಂಡರಿನ ಕೆಳಭಾಗ ಬೆವರಿರುತ್ತದೆ. ಒಂದು ಎತ್ತರದವರೆಗೆ ಹನಿ, ಅದರ ಮೇಲೆ ಒಣ. ನಡುವೆ ಗೆರೆ ಎಳೆದಂತೆ ಕಾಣುತ್ತದೆ. ಅಡುಗೆಯವರು ಆ ಗೆರೆಯ ಮೇಲೆ ಬೆರಳಾಡಿಸಿ ಇನ್ನೆಷ್ಟು ಗ್ಯಾಸಿದೆ ಅಂತ ಹೇಳುತ್ತಾರೆ. ಒಳಗಿನ ದ್ರವ ಗ್ಯಾಸಾಗುವಾಗ ಅಣುಗಳು ಒಂದನ್ನೊಂದು ಬಿಡಿಸಿಕೊಳ್ಳಬೇಕು. ಅದಕ್ಕೆ ಬೇಕಾದ ಶಾಖವನ್ನು ಉಕ್ಕಿನ ಗೋಡೆಯಿಂದ ಎಳೆದುಕೊಳ್ಳುತ್ತವೆ. ಗೋಡೆ ತಣ್ಣಗಾಗಿ ಹೊರಗಿನ ಗಾಳಿಯ ತೇವ ಅಲ್ಲಿ ಹನಿಯಾಗುತ್ತದೆ. ಆ ಬೆರಳಿಗೆ ತಾಗುವ ತಂಪು ಲಂಡನ್ ಬಲದ ಬೆಲೆ.

ಉದ್ದದ ಜೊತೆಗೆ ಆಕಾರವೂ ಲೆಕ್ಕಕ್ಕೆ ಬರುತ್ತದೆ. ಅಡಿಕೆ ದಬ್ಬೆಗಳನ್ನು (ಅಡಿಕೆ ಮರ ಸೀಳಿದ ಉದ್ದ ಪಟ್ಟಿಗಳನ್ನು) ಒಂದರ ಪಕ್ಕ ಒಂದು ಜೋಡಿಸಿ ನೋಡಿ, ಉದ್ದಕ್ಕೂ ತಾಗಿ ಕೂರುತ್ತವೆ. ಹಲಸಿನ ಹಣ್ಣುಗಳನ್ನು ರಾಶಿ ಹಾಕಿದರೆ ಅಲ್ಲೊಂದು ಇಲ್ಲೊಂದು ಕಡೆ ಮಾತ್ರ ತಾಗುತ್ತವೆ. ಪೆಂಟೇನ್ ಎಂಬ ಐದು ಕಾರ್ಬನ್ನಿನ ವಸ್ತು ದಬ್ಬೆಯಂತೆ ನೇರವಾಗಿದ್ದರೆ 36 ಡಿಗ್ರಿಯಲ್ಲಿ ಕುದಿಯುತ್ತದೆ. ಅದೇ ಐದು ಕಾರ್ಬನ್, ಅದೇ ಹನ್ನೆರಡು ಹೈಡ್ರೋಜನ್ ಹಲಸಿನಂತೆ ಉಂಡೆ ಕಟ್ಟಿಕೊಂಡರೆ 10 ಡಿಗ್ರಿ ಆಗುವ ಮೊದಲೇ ಕುದಿಯುತ್ತದೆ.

ಮಲೆನಾಡಿನ ಮನೆಯಲ್ಲಿ ಇದಕ್ಕೆ ನನಗೆ ಬಹಳ ಇಷ್ಟವಾದ ಸಾಕ್ಷಿ ಮುರುಗಲು (ಕೋಕಂ) ತುಪ್ಪ. ಮುರುಗಲ ಬೀಜ ಅರೆದು ಕುದಿಸಿ ತೆಗೆಯುವ ಈ ತುಪ್ಪ ಯಾವಾಗಲೂ ಗಟ್ಟಿ. ಹಿಮ್ಮಡಿ ಒಡೆದಾಗ ಸ್ವಲ್ಪ ಕೆರೆದು, ಬಿಸಿ ಮಾಡಿ ಹಚ್ಚಬೇಕು. ಪಕ್ಕದ ಬಾಟಲಿಯ ತೆಂಗಿನೆಣ್ಣೆ ಡಿಸೆಂಬರ್ ಬೆಳಗ್ಗೆ ಹೆಪ್ಪುಗಟ್ಟಿ, ಬಿಸಿಲು ಏರಿದ ಮೇಲೆ ಕರಗುತ್ತದೆ. ಸೂರ್ಯಕಾಂತಿ ಎಣ್ಣೆ ನಮ್ಮ ಚಳಿಗೆ ಜಗ್ಗುವುದೇ ಇಲ್ಲ. ಮೂರೂ ಎಣ್ಣೆಗಳ ಅಣುವಿನಲ್ಲಿ ಮೂರು ಮೂರು ಉದ್ದ ಸರಪಳಿಗಳಿವೆ. ಮುರುಗಲಿನಲ್ಲಿ ಹೆಚ್ಚಿನ ಅಣುಗಳಿಗೆ 18 ಕಾರ್ಬನ್ನಿನ ನೇರ ಸರಪಳಿ ಎರಡು, ನಡುವೆ ಬಾಗಿದ್ದು ಒಂದು. ಉದ್ದ ಜಾಸ್ತಿ, ನೇರವೂ ಜಾಸ್ತಿ. ಒತ್ತೊತ್ತಾಗಿ ಮಲಗುತ್ತವೆ, 40 ಡಿಗ್ರಿ ಹತ್ತಿರ ಬರುವ ತನಕ ಬಿಟ್ಟುಕೊಡುವುದಿಲ್ಲ. ತೆಂಗಿನೆಣ್ಣೆಯ ಸರಪಳಿಗಳು ನೇರ, ಆದರೆ ಗಿಡ್ಡ. ಸುಮಾರು ಅರ್ಧದಷ್ಟು 12 ಕಾರ್ಬನ್ನಿನವು. ಹಾಗಾಗಿ 24 ಡಿಗ್ರಿ ಆಸುಪಾಸಿಗೇ ಕರಗುತ್ತದೆ. ಸೂರ್ಯಕಾಂತಿಯ ಸರಪಳಿಗಳು ಉದ್ದ ಇದ್ದರೂ ಅಲ್ಲಲ್ಲಿ ಮೊಣಕೈಯಂತೆ ಬಾಗಿವೆ. ಸೊಟ್ಟ ಕೋಲುಗಳ ಹೊರೆ ಬಿಗಿಯಾಗಿ ಕೂರುವುದಿಲ್ಲ ನೋಡಿ, ಹಾಗೆ.

ಕೆಲವು ಅಣುಗಳಲ್ಲಿ ಓರೆ ಕ್ಷಣಿಕವಲ್ಲ, ಖಾಯಂ. ಉಗುರಿನ ಬಣ್ಣ ಅಳಿಸುವ ಅಸಿಟೋನ್ ಅಂಥದ್ದು. ಅದರ ಅಣುವಿನ ತೂಕ 58, ಬ್ಯೂಟೇನಿನದೂ 58. ಬ್ಯೂಟೇನ್ ಸೊನ್ನೆಯಲ್ಲಿ ಕುದಿದರೆ ಅಸಿಟೋನ್ 56 ಡಿಗ್ರಿ ತನಕ ತಾಳುತ್ತದೆ. ಅಷ್ಟು ವ್ಯತ್ಯಾಸ ತರುವುದು ಆ ಖಾಯಂ ಪ್ಲಸ್ ಮೈನಸ್ ತುದಿಗಳ ಸೆಳೆತ.

ಈಗ ಪೈಪಿನ ನೀರು.

ಮೀಥೇನ್ ಅಣುವಿನ ತೂಕ 16. ನೀರಿನದು 18. ಎರಡೂ ಪುಟ್ಟವು, ಎರಡರಲ್ಲೂ ಹತ್ತು ಹತ್ತೇ ಎಲೆಕ್ಟ್ರಾನು. ಎರಡೂ ಒಂದೇ ಸಗಣಿ ಗುಂಡಿಯಿಂದ ಒಂದೇ ಪೈಪಿನಲ್ಲಿ ಹೊರಟವು. ಗುಂಡಿಯೊಳಗೆ ಬೆಚ್ಚಗೆ, ಮಳೆಯಲ್ಲಿ ನೆನೆದ ಪೈಪು ತಣ್ಣಗೆ. ಒಂದು ಕಡೆ ಮೀಥೇನ್ ಮೈನಸ್ 161ರ ತನಕ ಗ್ಯಾಸಾಗಿ ಇರಬಲ್ಲದು. ಇನ್ನೊಂದು ಕಡೆ ನೀರಿನ ಆವಿ ಸ್ವಲ್ಪ ತಂಪು ತಾಗಿದ್ದೇ ಹನಿಯಾಗಿ ಪೈಪಿನ ತಗ್ಗಿನಲ್ಲಿ ಕೂತಿತು. ಕುದಿಯುವ ಬಿಂದುವಿನ ಅಂತರ 260 ಡಿಗ್ರಿಗಿಂತ ಜಾಸ್ತಿ! ಈ ಲೆಕ್ಕ ಬೋರ್ಡಿನ ಮೇಲೆ ಬರೆದಾಗಲೆಲ್ಲ ನನಗೆ ಇವತ್ತಿಗೂ ಬೆರಗು.

ಕಾರಣ ಹೈಡ್ರೋಜನ್ ಬಂಧ. ನೀರಿನ ಅಣು ನೇರ ಇಲ್ಲ, ಬಾಗಿದೆ. ಆಕ್ಸಿಜನ್ ಎಲೆಕ್ಟ್ರಾನುಗಳನ್ನು ತನ್ನ ಕಡೆ ಜಗ್ಗಿಕೊಳ್ಳುವುದರಲ್ಲಿ ಬಹಳ ಗಟ್ಟಿಗ. ಹಾಗಾಗಿ ಹೈಡ್ರೋಜನ್‌ಗಳು ಹೆಚ್ಚುಕಮ್ಮಿ ಬರಿಮೈಯಲ್ಲಿ, ಪ್ಲಸ್ ಆಗಿ ಉಳಿಯುತ್ತವೆ. ಹೈಡ್ರೋಜನ್ನಿಗೆ ಒಳಗೆ ಬೇರೆ ಎಲೆಕ್ಟ್ರಾನ್ ಪದರವೇ ಇಲ್ಲ. ಅದಕ್ಕೇ ಪಕ್ಕದ ಅಣುವಿನ ಆಕ್ಸಿಜನ್ನಿಗೆ ಅದು ತೀರಾ ಹತ್ತಿರ ಹೋಗಬಲ್ಲದು. ಒಂದೊಂದು ನೀರಿನ ಅಣು ಹೀಗೆ ನಾಲ್ಕು ನೆರೆಯವರನ್ನು ಹಿಡಿಯಬಲ್ಲದು. ಈ ಹಿಡಿತ ಅಣುವಿನ ಒಳಗಿನ ಬಂಧದ ಸುಮಾರು 20ರಲ್ಲಿ ಒಂದು ಪಾಲು ಅಷ್ಟೆ. ಆದರೂ ಲಂಡನ್ ಬಲಕ್ಕೆ ಹೋಲಿಸಿದರೆ ಜೋರು.

ಇದು ನೀರಿನ ವಿಶೇಷ ಎನ್ನುವುದಕ್ಕೆ ಸಾಕ್ಷಿಯೂ ಅದೇ ಪೈಪಿನಲ್ಲಿದೆ. ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ನೀರಿನ ದಾಯಾದಿ. ಆಕ್ಸಿಜನ್ ಜಾಗದಲ್ಲಿ ಗಂಧಕ ಇದೆ, ಉಳಿದದ್ದೆಲ್ಲ ಅದೇ. ತೂಕ ನೀರಿಗಿಂತ ಜಾಸ್ತಿ, 34. ಎಲೆಕ್ಟ್ರಾನೂ ಜಾಸ್ತಿ. ಬರೀ ಲಂಡನ್ ಬಲ ನೋಡಿದರೆ ನೀರಿಗಿಂತ ಮೇಲೆ ಕುದಿಯಬೇಕಿತ್ತು. ಆದರೆ ಅದು ಮೈನಸ್ 60ರಲ್ಲೇ ಕುದಿದು ಹೋಗುತ್ತದೆ. ಗಂಧಕಕ್ಕೆ ಆಕ್ಸಿಜನ್ನಿನಷ್ಟು ಜಗ್ಗುವ ಶಕ್ತಿ ಇಲ್ಲ, ಹೈಡ್ರೋಜನ್ ಬಂಧ ಅಲ್ಲಿ ಸರಿಯಾಗಿ ಕೂಡುವುದಿಲ್ಲ. ಹೈಡ್ರೋಜನ್ ಬಂಧ ಇಲ್ಲದಿದ್ದರೆ ತುಂಗೆಯೂ ಇಲ್ಲ, ಆಗುಂಬೆಯ ಮಳೆಯೂ ಇಲ್ಲ. ನೀರೂ ಗ್ಯಾಸಾಗಿಯೇ ಇರುತ್ತಿತ್ತು.

ದ್ರವ ನೀರಿನಲ್ಲಿ ಈ ಬಂಧಗಳು ಒಂದೇ ಕಡೆ ನಿಲ್ಲುವುದಿಲ್ಲ. ಒಂದು ಸೆಕೆಂಡನ್ನು ಲಕ್ಷ ಕೋಟಿ ಪಾಲು ಮಾಡಿದರೆ ಬರುವ ಒಂದೆರಡು ಪಾಲಿನಷ್ಟು ಹೊತ್ತು ಹಿಡಿದು, ಬಿಟ್ಟು, ಮತ್ತೊಬ್ಬರನ್ನು ಹಿಡಿಯುತ್ತವೆ. ಹಾಗಾಗಿಯೇ ನೀರು ಹರಿಯುತ್ತದೆ, ಹಾಗಾಗಿಯೇ ಒಡೆದು ಚದುರದೆ ಹನಿಯಾಗಿ ನಿಲ್ಲುತ್ತದೆ.

ಹನಿ ಅಂದ ಕೂಡಲೇ ಕೆಸುವಿನ ಎಲೆ ಹೇಳಲೇಬೇಕು. ಬಾವಿಕಟ್ಟೆಯ ಪಕ್ಕದ ಎಲೆಯ ಮೇಲೆ ಮಳೆನೀರು ಪಾದರಸದಂತೆ ಉರುಳಾಡುತ್ತದೆ. ಎಲೆಯನ್ನು ಓರೆ ಮಾಡಿದರೆ ಜಾರಿ ಹೋಗುತ್ತದೆ, ಒಂದು ಚೂರೂ ಒದ್ದೆ ಉಳಿಯುವುದಿಲ್ಲ. ಎಲೆಯ ಮೇಲೆ ಕಣ್ಣಿಗೆ ಕಾಣದ ಉಬ್ಬುತಗ್ಗುಗಳು, ಅದರ ಮೇಲೆ ಮೇಣ. ಮೇಣ ಕೊಡಬಲ್ಲದ್ದು ಲಂಡನ್ ಬಲದ ಸಣ್ಣ ಸೆಳೆತ ಮಾತ್ರ. ನೀರಿನ ಅಣುಗಳಿಗೆ ತಮ್ಮವರ ಕೈ ಹಿಡಿಯುವುದೇ ಲಾಭ. ಒಳಕ್ಕೆ ಒಳಕ್ಕೆ ಸೆಳೆದುಕೊಂಡು ಉಂಡೆಯಾಗುತ್ತವೆ.

ಇದೇ ಗುಣ ಅಡಿಕೆ ಬೆಳೆಗಾರನಿಗೆ ಕಷ್ಟ ಕೊಡುತ್ತದೆ. ಎಳೆ ಅಡಿಕೆಕಾಯಿಯ ಮೈಯೂ ಮೇಣದ್ದೇ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಅಂದರೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ. ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರ ಹೊತ್ತಿಗೇ ಈ ರೋಗದ ಮೇಲೆ ಕೆಲಸ ಮಾಡಿದ್ದರು. ಇವತ್ತಿಗೂ ಅದೇ ನೀಲಿ ದ್ರಾವಣ ನಮ್ಮ ತೋಟಗಳ ಆಸರೆ. ಆದರೆ ಸುಮ್ನೆ ಹೊಡೆದರೆ ದ್ರಾವಣ ಹನಿಹನಿಯಾಗಿ ಕಾಯಿಯಿಂದ ಜಾರುತ್ತದೆ. ಹೇಗೋ ಆರಿ ಉಳಿದದ್ದನ್ನು ಮರುದಿನದ ಮಳೆ ತೊಳೆಯುತ್ತದೆ. ಅದಕ್ಕೆ ರಾಳದ ಸೋಪು ಬೆರೆಸುತ್ತಾರೆ. ರಾಳವನ್ನು ಸೋಡಾ ಜೊತೆ ಕುದಿಸಿ ಮಾಡಿದ ಅಂಟು ಅದು. ಅದರ ಅಣುವಿಗೆ ಎರಡು ಗುಣ. ಒಂದು ತುದಿ ನೀರಿಗೆ ಸೇರುತ್ತದೆ. ಉಳಿದ ಮೈ ಮೇಣದ ಜಾತಿಯದು, ಕಾಯಿಯ ಮೇಣಕ್ಕೆ ಉದ್ದಕ್ಕೂ ತಾಗಿ ಲಂಡನ್ ಬಲದಿಂದ ಹಿಡಿಯುತ್ತದೆ. ನೀರಿನ ಬಿಗಿ ಸಡಿಲಾಗಿ ದ್ರಾವಣ ತೆಳುವಾಗಿ ಹರಡುತ್ತದೆ. ಆರಿದ ಮೇಲೆ ತಾಮ್ರದ ಪುಡಿಯನ್ನು ಕಾಯಿಗೆ ಅಂಟಿಸಿ ಇಡುತ್ತದೆ.

ಇಷ್ಟು ಸಣ್ಣ ಬಲ ಅಷ್ಟು ಮಳೆಗೆ ತಡೆಯುತ್ತಾ ಎಂದು ಅನುಮಾನ ಬರಬಹುದು. ಅಡುಗೆಮನೆಯ ಗೋಡೆಯ ಹಲ್ಲಿ ನೋಡಿ. ಅದರ ಪಾದದಲ್ಲಿ ಅಂಟಿಲ್ಲ. ಬೆರಳಿನ ಅಡಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳಿವೆ. ಟೋಕೇ ಎಂಬ ದೊಡ್ಡ ಹಲ್ಲಿಯಲ್ಲಿ ಒಂದೊಂದು ಪಾದಕ್ಕೆ ಲಕ್ಷಗಟ್ಟಲೆ. ಒಂದೊಂದು ರೋಮವೂ ತುದಿಯಲ್ಲಿ ನೂರಾರು ಕವಲಾಗಿ ಸೀಳಿದೆ. ಒಂದು ಕವಲಿನ ಅಗಲ ಮಿಲಿಮೀಟರಿನ 5000ದಲ್ಲಿ ಒಂದು ಪಾಲು. ಅಷ್ಟು ಸಣ್ಣ ತುದಿ ಗೋಡೆಗೆ ತೀರಾ ಹತ್ತಿರ ಹೋಗುತ್ತದೆ, ವಾನ್ ಡರ್ ವಾಲ್ಸ್ ಸೆಳೆತ ಸಾಕಾಗುತ್ತದೆ. 2002ರಲ್ಲಿ ಅಮೆರಿಕದ ಕೆಲರ್ ಆಟಮ್ ಮತ್ತು ಸಂಗಡಿಗರು ಇದಕ್ಕೆ ಪ್ರಯೋಗದ ಆಧಾರ ಕೊಟ್ಟರು. ಹೆಜ್ಜೆ ಎತ್ತುವಾಗ ಹಲ್ಲಿ ಬೆರಳನ್ನು ತುದಿಯಿಂದ ಮೇಲಕ್ಕೆ ಸುರುಳಿ ಮಾಡಿ ಬಿಡಿಸುತ್ತದೆ. ರೋಮದ ಕೋನ ಬದಲಾದದ್ದೇ ಹಿಡಿತ ಹೋಗುತ್ತದೆ.

ಅಮ್ಮನಿಗೆ ಇದನ್ನೆಲ್ಲ ಒಂದೇ ಸಲ ಹೇಳಲಿಲ್ಲ. ದಿನಕ್ಕಿಷ್ಟು ಹೇಳಿದೆ, ಒಲೆಯ ಮುಂದೆ ಕೂತು. ಮೀಥೇನಿನ ಕಥೆ ಒಪ್ಪಿಕೊಂಡರು. ನೀರಿನ ಅಣುವಿಗೆ ನಾಲ್ಕು ಕೈ ಅಂದಾಗ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಹಾಗಾದ್ರೆ ಪೈಪಿಗೆ ಗೋಣಿ ಸುತ್ತಿ, ಮೇಲೆ ಪ್ಲಾಸ್ಟಿಕ್ ಕಟ್ಟಿದ್ರೆ ತಣ್ಣಗಾಗಲ್ಲ. ನೀರೂ ಕಮ್ಮಿ ಕಟ್ಟುತ್ತೆ ಅಲನ?" ಅಂದರು. ಮಾರನೆಯ ದಿನ ಮಳೆ ಬಿಟ್ಟ ಹೊತ್ತಿನಲ್ಲಿ ಇಬ್ಬರೂ ಸೇರಿ ಗೋಣಿ ಸುತ್ತಿದೆವು. ಆಮೇಲೂ ನಲ್ಲಿ ತಿರುಗಿಸಬೇಕಾಗಿ ಬಂತು, ಆದರೆ ಮೊದಲಿನಷ್ಟು ಸಲ ಅಲ್ಲ.